ಟೋಪಿಯ ಸೂಜಿ

ನಮ್ಮ ಶಾಲೆಯ ಹೊಲಿಗೆಯ ಕೊಠಡಿಯಲ್ಲಿ ಕುಳಿತು ಕಲಿತ ಹೆಣ್ಣುಮಕ್ಕಳಿಗೆ ಸೂಜಿಯ ವಿಷಯವನ್ನು ಹೊಸದಾಗಿ ತಿಳಿಸಬೇಕಾದ ಅಗತ್ಯವಿಲ್ಲ. ದಾರ ಪೋಣಿಸುವ ಸೂಜಿ, ಕಸೂತಿಯ ಸೂಜಿ, ಹೆಣಿಗೆಯ ಕಡ್ಡಿ, ಸೆರಗನ್ನು ಹೆಗಲಿಗೆ ಬಿಗಿಯುವ ಪಿನ್ನು, ಇವೆಲ್ಲವೂ ಬಾಲ್ಯದಿಂದಲೇ ನಮ್ಮ ಕೈಗಳಿಗೆ ಪರಿಚಿತವಾದುವು. ಆದರೆ ಒಂದು ಕಾಲದಲ್ಲಿ ಒಂದು ಬಗೆಯ ಸೂಜಿಯು ಅಮೇರಿಕಾ ಮತ್ತು ಯೂರೋಪು ಖಂಡಗಳ ದೊಡ್ಡ ಪಟ್ಟಣಗಳನ್ನು ತಲ್ಲಣಗೊಳಿಸಿತೆಂದೂ, ಅದರ ಉದ್ದಕ್ಕೆ ಮಿತಿಯನ್ನು ಕಟ್ಟುವುದಕ್ಕಾಗಿ ನಗರಸಭೆಗಳು ಕೂಡಿ ಶಾಸನಗಳನ್ನು ಮಾಡಿದುವೆಂದೂ, ಅದನ್ನು ತಲೆಯಲ್ಲಿ ಧರಿಸಿದ ತಪ್ಪಿಗಾಗಿ ಸ್ತ್ರೀಯರು ಸೆರೆಮನೆಯನ್ನು ಕಂಡರೆಂದೂ ಹೇಳಿದರೆ ನಿಮ್ಮಲ್ಲಿ ಹಲವರು ನಂಬಲಾರಿರಿ. ಆ ಸೂಜಿಯ ಕಥೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ, ಈಗಿನ ವಿದ್ಯಾರ್ಥಿನಿಯರ ತಾಯಿತಂದೆಗಳ ಮುಂದೆಯೂ ಇಡಬೇಕೆಂದು ನನಗೆ ಬಹುದಿನಗಳಿಂದ ಆಸೆಯಿದ್ದಿತು. ಅದಕ್ಕೆ ಕಾರಣವೊಂದುಂಟು, ಅದನ್ನು ಕಡೆಯಲ್ಲಿ ಅರಿಕೆಮಾಡುವೆನು.

ಮೊದಲು ಈ ಸೂಜಿ ಎಂತಹುದೆಂಬುದನ್ನು ತಿಳಿಯೋಣ. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಪಾಶ್ಚಾತ್ಯ ಸ್ತ್ರೀಯರು ಗದ್ದದ ಕೆಳಗೆ ಪಟ್ಟಿಯಿಂದ ಬಿಗಿಯುವ ಕುಲಾವಿಯಂತಹ ಟೋಪಿಗಳನ್ನು ಧರಿಸುತ್ತಿದ್ದರು. ಆ ಶತಮಾನದ ಕೊನೆಯ ಭಾಗಕ್ಕೆ ಈ ಕಟ್ಟುಪಟ್ಟಿಯು ಬಿಟ್ಟುಹೋಗಿ, ನೀಳವಾದ ಕೂದಲನ್ನು ನೆತ್ತಿಯ ಮೇಲೆ ಎತ್ತಿಕಟ್ಟಿ, ಅದರ ಮೇಲೆ ಅಗಲವಾದ ಟೋಪಿಯನ್ನು ಕೂರಿಸುವ ವಾಡಿಕೆ ಬಂದಿತು. ಗಾಳಿ ಬೀಸಿದರೆ ಹಾರಿಹೋಗುವ ಇಂತಹ ಟೋಪಿಯನ್ನು ನಿಲ್ಲಿಸುವುದಕ್ಕೆ ಇದ್ದ ಉಪಾಯ ಒಂದೇ: ಉಕ್ಕಿನ ಉದ್ದ ಸೂಜಿಯೊಂದನ್ನು ಟೋಪಿಯ ಒಂದು ಪಕ್ಕದಿಂದ ಚುಚ್ಚಿ, ಕೂದಲಿನ ಗಂಟಿನೊಳಗೆ ಹಾಯಿಸಿ, ಇನ್ನೊಂದು ಪಕ್ಕಕ್ಕೆ ಹೊರಡಿಸುವುದು. ಅದರ ಒಂದು ತುದಿಯಲ್ಲಿ ಮುತ್ತು, ಗಾಜು ಅಥವಾ ಬೆಳ್ಳಿಯ ಗುಂಡು. ಇನ್ನೊಂದು ತುದಿ ಚೂಪು. ಟೋಪಿ ಬೆಳೆದಂತೆಲ್ಲಾ ಸೂಜಿಯೂ ಬೆಳೆಯಿತು. 1907 ರಲ್ಲಿ ಲಂಡನ್ನಿನ ರಂಗಭೂಮಿಯಲ್ಲಿ 'ಮೆರಿ ವಿಡೋ' ಎಂಬ ಗೀತನಾಟಕದ ನಾಯಿಕೆಯಾಗಿದ್ದ ಲಿಲಿ ಎಲ್ಸಿ ಎಂಬಾಕೆಯು ಬಹಳ ವಿಶಾಲವಾದ ಟೋಪಿಯನ್ನು ಧರಿಸಿ ಬಂದ ಮೇಲಂತೂ ಮೊರದಗಲದ ಟೋಪಿಗಳೇ ಎಲ್ಲೆಡೆಯಲ್ಲಿಯೂ ರೂಢಿಗೆ ಬಂದುವು. ಅವುಗಳಿಗೆ ತಕ್ಕ ಸೂಜಿಗಳು ಒಂದು ಅಡಿಯ ಉದ್ದವನ್ನು ಮುಟ್ಟಿದುವು. ಹೀಗೆ ಅಲಂಕಾರದ ಒಡವೆಯೊಂದು, ಯಾರೂ ಉದ್ದೇಶಿಸದೆಯೇ, ಕಠಾರಿಯಾಗಿ ಪರಿಣಮಿಸಿತು.

ಅದೇ ವರ್ಷಗಳಲ್ಲಿ ಮತ್ತೊಂದು ಬದಲಾವಣೆಯೂ ನಡೆದಿತ್ತು. ಅಮೇರಿಕಾದ ಪಟ್ಟಣಗಳಲ್ಲಿ ಸಾವಿರಾರು ತರುಣಿಯರು ಟೈಪ್‌ರೈಟರಿನ ಕೆಲಸಕ್ಕೂ, ಟೆಲಿಫೋನಿನ ಕಚೇರಿಗಳಿಗೂ, ದೊಡ್ಡ ಅಂಗಡಿಗಳಿಗೂ, ಕಾರ್ಖಾನೆಗಳಿಗೂ ದಿನವೂ ಹೋಗಿಬರತೊಡಗಿದ್ದರು. ತಮ್ಮ ಕೂಲಿಯನ್ನು ತಾವೇ ಸಂಪಾದಿಸಿ, ಟ್ರಾಮಿನಲ್ಲಿ ತಾವೇ ಟಿಕೀಟು ಕೊಂಡು, ಸಂಜೆಯ ಹೊತ್ತಿನಲ್ಲಿ ಒಬ್ಬರೇ ಮನೆಗೆ ಹಿಂದಿರುಗುವ ಹೆಣ್ಣುಮಕ್ಕಳು ಇಷ್ಟು ಸಂಖ್ಯೆಯಲ್ಲಿ ಹಿಂದೆಂದೂ ಬೀದಿಯಲ್ಲಿ ಕಂಡುಬಂದಿರಲಿಲ್ಲ. ಇವರನ್ನು ಹಿಂಬಾಲಿಸುವ, ಅಸಭ್ಯವಾಗಿ ಮಾತನಾಡಿಸುವ, ಟ್ರಾಮಿನ ನೂಕುನುಗ್ಗಲಿನಲ್ಲಿ ಮೈಮೇಲೆ ಕೈಯಿಡುವ ಪುರುಷರೂ ಹೆಚ್ಚಿದರು. ಇಂತಹವರಿಗೆ ಆ ದೇಶದ ಪತ್ರಿಕೆಗಳು 'ಮ್ಯಾಷರ್' ಎಂದು ಹೆಸರಿಟ್ಟಿದ್ದುವು. ಹೆಸರು ನಗೆಯ ಹೆಸರು. ಅದನ್ನು ಸಹಿಸಬೇಕಾದವರಿಗೆ ಮಾತ್ರ ಅದರಲ್ಲಿ ನಗೆಯೇನೂ ಇರಲಿಲ್ಲ.

1903 ನೆಯ ಇಸವಿ ಮೇ ತಿಂಗಳ 28 ನೆಯ ತಾರೀಖಿನ ಮಧ್ಯಾಹ್ನ ಲಿಯೋಟಿ ಬ್ಲೇಕರ್ ಎಂಬ ತರುಣಿಯು ನ್ಯೂಯಾರ್ಕ್ ಪಟ್ಟಣದ ಫಿಫ್ತ್ ಅವೆನ್ಯೂ ಎಂಬ ಸಿರಿವಂತರ ಬೀದಿಯಲ್ಲಿ ಸಾರೋಟನ್ನು ಹತ್ತಿದಳು. ಆಕೆ ಕ್ಯಾನ್ಸಸ್ ಸೀಮೆಯವಳು. ಪಟ್ಟಣವನ್ನು ನೋಡಲು ಬಂದವಳು. ಗಾಡಿಯಲ್ಲಿ ಜನ ಕಿಕ್ಕಿರಿದಿದ್ದರು. ಪಕ್ಕದಲ್ಲಿ ಕುಳಿತಿದ್ದವನು ವಯಸ್ಸಾದವನು, ಒಳ್ಳೆಯ ಉಡುಪನ್ನು ಧರಿಸಿದವನು, ನೋಡುವುದಕ್ಕೆ ದಯಾಳುವಿನಂತೆ ಕಾಣುತ್ತಿದ್ದವನು. ಗಾಡಿ ಕುಲುಕಿದಂತೆಲ್ಲಾ ಅವನು ಒಂದೊಂದು ಅಂಗುಲವಾಗಿ ಹತ್ತಿರ ಸರಿದನು. ಆಕೆ ದೂರ ಸರಿದಳು, ಅವನೂ ಸರಿದನು. ಕಡೆಗೆ ಅವನ ತೋಳು ಆಕೆಯ ಬೆನ್ನನ್ನು ಬಳಸಿತು. ಆಗ ಆಕೆ ಕೂಗಲಿಲ್ಲ, ಅಳಲಿಲ್ಲ. ತಲೆಗೆ ಕೈಹಾಕಿ, ಹೆಚ್ಚುಕಡಮೆ ಒಂದಡಿಯ ಸೂಜಿಯನ್ನು ಕಿತ್ತು, ಅವನ ತೋಳಿನ ಮಾಂಸದೊಳಕ್ಕೆ ಇಳಿಸಿದಳು. ಅವನು ಭಯಂಕರವಾಗಿ ಅರಚಿ ಮುಂದಿನ ನಿಲ್ದಾಣದಲ್ಲಿ ಇಳಿದುಹೋದನು. ನೋಡಲು ಅಷ್ಟು ಒಳ್ಳೆಯವನಂತಿದ್ದ ಮುದುಕನನ್ನು ನೋಯಿಸಬೇಕಾಯಿತಲ್ಲಾ ಎಂದು ತನಗೆ ವ್ಯಥೆಯಾಯಿತೆಂದೂ, ಆದರೆ ನ್ಯೂಯಾರ್ಕಿನ ಸ್ತ್ರೀಯರು ಇದನ್ನು ಸಹಿಸಿದರೂ ಕ್ಯಾನ್ಸಸ್ಸಿನ ಹುಡುಗಿಯರು ಸಹಿಸುವವರಲ್ಲವೆಂದೂ ಆಕೆ ಪತ್ರಿಕೆಯವರೊಡನೆ ಹೇಳಿದಳು.

ಈ ಸುದ್ದಿಯನ್ನೂ ಇಂತಹ ಬೇರೆ ಸುದ್ದಿಗಳನ್ನೂ ಪತ್ರಿಕೆಗಳು ಉತ್ಸಾಹದಿಂದ ಅಚ್ಚುಹಾಕಿದುವು. ಸಾರ್ವಜನಿಕರ ಮೊದಲನೆಯ ಪ್ರತಿಕ್ರಿಯೆಯು ಹೀಗೆ ಮೆಚ್ಚಿಕೆಯೇ ಆಗಿದ್ದಿತು. ಹೆಣ್ಣು ಅಬಲೆ, ಅಪಾಯ ಬಂದಾಗ ಪುರುಷನೊಬ್ಬನು ಓಡಿಬಂದು ಕಾಪಾಡಬೇಕು ಎಂಬ ಹಳೆಯ ಕಲ್ಪನೆಗೆ ವಿರುದ್ಧವಾಗಿ, ತನ್ನ ಮಾನವನ್ನು ತಾನೇ ಕಾಪಾಡಿಕೊಂಡ ತರುಣಿಯ ಚಿತ್ರವು ಓದುಗರಿಗೆ ಹೊಸದಾಗಿಯೂ ಪ್ರಿಯವಾಗಿಯೂ ಕಂಡಿತು. ಒಬ್ಬ ಹುಡುಗಿ ಒಬ್ಬ ದುಷ್ಟನನ್ನು ಚುಚ್ಚಿದಳೆಂದರೆ ಎಲ್ಲರಿಗೂ ಸಂತೋಷ. ಆದರೆ ಪಟ್ಟಣದ ಎಲ್ಲಾ ಹುಡುಗಿಯರ ತಲೆಯಲ್ಲಿಯೂ ಅಂತಹ ಸೂಜಿಯಿದೆಯೆಂಬುದು ಮನಸ್ಸಿಗೆ ಬಂದೊಡನೆ ಜನರ ಮುಖಭಾವವೇ ಬೇರೆಯಾಯಿತು.

ಎರಡನೆಯ ಪ್ರತಿಕ್ರಿಯೆಯು ಭಯ. ಆ ಭಯವು ಸಂಪೂರ್ಣವಾಗಿ ನಿರಾಧಾರವಾದುದೆಂದು ಹೇಳುವುದು ನ್ಯಾಯವಲ್ಲ. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಎಂಬ ಊರಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ಗೆಳೆಯನ ಕಡೆಗೆ ವಿನೋದಕ್ಕಾಗಿ ಸೂಜಿಯನ್ನು ಚಾಚಲು, ಅದು ಅವನ ಹೃದಯವನ್ನು ಹೊಕ್ಕು ಅವನು ಸತ್ತನು. ನ್ಯೂಯಾರ್ಕಿನ ಟ್ರಾಮಿನಲ್ಲಿ ಯಾರದೋ ಟೋಪಿಯ ಸೂಜಿಯು ಕಿವಿಯ ಹಿಂದೆ ತಗುಲಿದ ಪ್ರಯಾಣಿಕನೊಬ್ಬನು ಒಂದು ವಾರದೊಳಗೆ ಪ್ರಜ್ಞೆ ತಪ್ಪಿ ಮೃತನಾದನು. ಟೋಪಿಯಿಂದ ಮೂರು ನಾಲ್ಕು ಅಂಗುಲ ಹೊರಚಾಚಿದ ಉಕ್ಕಿನ ಮೊನೆಯು, ಜನ ಒತ್ತಾಗಿ ನಿಂತ ಟ್ರಾಮಿನಲ್ಲಿ, ಆಕೆ ತಲೆ ತಿರುಗಿಸಿದಾಗಲೆಲ್ಲಾ ಪಕ್ಕದವರ ಕಣ್ಣಿನ ಎತ್ತರದಲ್ಲಿ ಸುತ್ತುತ್ತಿತ್ತೆಂಬುದನ್ನು ನಾವು ನೆನೆಯಬೇಕು. ಚುಚ್ಚಿಸಿಕೊಂಡವರಲ್ಲಿ ನಿರಪರಾಧಿಗಳೂ ಇದ್ದರು. ಅವರಲ್ಲಿ ಸ್ತ್ರೀಯರೂ ಇದ್ದರು.

ಹೀಗಿರಲು 1910 ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಶಿಕಾಗೋ ನಗರಸಭೆಯು ಒಂಬತ್ತು ಅಂಗುಲಕ್ಕಿಂತ ಉದ್ದವಾದ ಟೋಪಿಸೂಜಿಯನ್ನು ಧರಿಸಕೂಡದೆಂದೂ, ಮೀರಿದವರನ್ನು ಹಿಡಿದು 50 ಡಾಲರುಗಳವರೆಗೆ ದಂಡ ವಿಧಿಸಬಹುದೆಂದೂ ಒಂದು ಶಾಸನವನ್ನು ಚರ್ಚೆಗೆ ತಂದಿತು. ಸಭಾಂಗಣವು ಸ್ತ್ರೀಪುರುಷರಿಂದ ತುಂಬಿಹೋಯಿತು. ಹೆಂಗಸರು ತಲೆಯ ಮೇಲೆ ತರಕಾರಿಯನ್ನಾಗಲಿ ಕೋಳಿಯನ್ನಾಗಲಿ ಹೊತ್ತುಕೊಳ್ಳುವುದು ಅವರ ಇಷ್ಟ, ಆದರೆ ಖಡ್ಗಗಳನ್ನು ಧರಿಸುವುದನ್ನು ಮಾತ್ರ ನಿಲ್ಲಿಸಲೇಬೇಕು ಎಂಬ ಅರ್ಥದಲ್ಲಿ ಶಾಸನದ ಪಕ್ಷದವನೊಬ್ಬನು ಮಾತನಾಡಿದನು. ಪುರುಷರು ಭಲೆ ಎಂದರು. ಸ್ತ್ರೀಯರು ಛೀ ಎಂದರು. ಆಗ ಹಲವು ಮಹಿಳಾ ಸಂಘಗಳ ಪರವಾಗಿ ಬಂದಿದ್ದ ನ್ಯಾನ್ ಡೇವಿಸ್ ಎಂಬಾಕೆಯು ಮಾತನಾಡಲು ಅಪ್ಪಣೆ ಬೇಡಿ ಎದ್ದುನಿಂತಳು. ಈ ಪಟ್ಟಣದ ಗಂಡಸರು ನಮ್ಮ ಸೂಜಿಗಳನ್ನು ಕಿತ್ತುಕೊಳ್ಳಬೇಕೆಂದಿದ್ದರೆ ಮೊದಲು ಬೀದಿಗಳನ್ನು ನಿರ್ಭಯವಾಗಿ ಮಾಡಲಿ. ನಾನು ಏನನ್ನು ಧರಿಸಬೇಕೆಂದು ಅಪ್ಪಣೆ ಮಾಡುವ ಹಕ್ಕು ಯಾರಿಗೂ ಇಲ್ಲ, ಎಂಬುದು ಆಕೆಯ ಮಾತಿನ ತಾತ್ಪರ್ಯವಾಗಿದ್ದಿತು.

ಮತಗಳನ್ನು ಎಣಿಸಿದಾಗ ಶಾಸನದ ಪರವಾಗಿ 68, ವಿರುದ್ಧವಾಗಿ 2. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ವರ್ಷ ಶಿಕಾಗೋ ಪಟ್ಟಣದ ಸ್ತ್ರೀಯರಿಗೆ ನಗರಸಭೆಯ ಚುನಾವಣೆಯಲ್ಲಿ ಮತ ಕೊಡುವ ಅಧಿಕಾರವೇ ಇರಲಿಲ್ಲ. ಅದು ದೊರೆತುದು 1913 ರಲ್ಲಿ. ಇಡೀ ದೇಶದ ಸ್ತ್ರೀಯರಿಗೆ ಮತದ ಹಕ್ಕನ್ನು ಕೊಟ್ಟ ರಾಜ್ಯಾಂಗದ ತಿದ್ದುಪಡಿಯು ಬಂದುದು 1920 ರಲ್ಲಿ. ಅಂದಮೇಲೆ ಸ್ತ್ರೀಯರ ತಲೆಯ ಸೂಜಿಯ ಉದ್ದವನ್ನು ನಿರ್ಣಯಿಸಿದ ಆ ಎಪ್ಪತ್ತು ಮಂದಿಯಲ್ಲಿ ಒಬ್ಬನಾದರೂ ಸ್ತ್ರೀಯರ ಮತದಿಂದ ಆರಿಸಿಬಂದವನಲ್ಲ. ಸ್ತ್ರೀಯರ ಮತಾಧಿಕಾರಕ್ಕಾಗಿ ದುಡಿಯುತ್ತಿದ್ದ ಹ್ಯಾರಿಯಟ್ ಸ್ಟಾಂಟನ್ ಬ್ಲಾಚ್ ಎಂಬ ವಿದುಷಿಯು, ಮತದಾನದ ಹಕ್ಕು ಬೇಕೆಂಬ ವಾದಕ್ಕೆ ಈ ಸೂಜಿಯ ಶಾಸನಗಳು ಇನ್ನೊಂದು ಸಮರ್ಥನೆಯೆಂದು ಹೇಳಿದುದು ಸಹಜವೇ ಆಗಿದೆ.

ಶಿಕಾಗೋವಿನ ಮಾರ್ಗವನ್ನು ಮಿಲ್ವಾಕಿ, ಪಿಟ್ಸ್‌ಬರ್ಗ್, ಬಾಲ್ಟಿಮೋರ್, ನ್ಯೂ ಆರ್ಲಿಯನ್ಸ್ ಮೊದಲಾದ ಪಟ್ಟಣಗಳು ಅನುಸರಿಸಿದುವು. ಯೂರೋಪಿನಲ್ಲಿ ಹ್ಯಾಂಬರ್ಗ್ ಮತ್ತು ಪ್ಯಾರಿಸ್ ಪಟ್ಟಣಗಳ ಪೊಲೀಸ್ ಅಧಿಕಾರಿಗಳೂ ಸೂಜಿಗೆ ಕಟ್ಟುಪಾಡನ್ನು ಯೋಚಿಸಿದರು. ಸೂಜಿಯ ಮೊನೆಯನ್ನು ಮುಚ್ಚುವ ಸಣ್ಣ ಗುಬಟುಗಳು ಮಾರಾಟಕ್ಕೆ ಬಂದುವು. ಆದರೆ ಲಂಡನ್ನಿನ ಸ್ತ್ರೀಯರು ಅವುಗಳನ್ನು ಕೊಳ್ಳಲು ಮನಸ್ಸು ಮಾಡಲಿಲ್ಲ. ಆಸ್ಟ್ರೇಲಿಯಾದ ಸಿಡ್ನಿ ಪಟ್ಟಣದಲ್ಲಿ ಸುಮಾರು ಅರವತ್ತು ಮಂದಿ ಸ್ತ್ರೀಯರು ದಂಡವನ್ನು ತೆರುವುದಕ್ಕಿಂತ ಸೆರೆಮನೆಗೆ ಹೋಗುವುದೇ ಲೇಸೆಂದು ಸೆರೆಮನೆಗೆ ನಡೆದರು. ಮೆಚ್ಚಿಕೆಯಿಂದ ಮೊದಲಾಗಿ, ಭಯಕ್ಕೆ ತಿರುಗಿ, ಪರಿಹಾಸ್ಯದ ಮೂಲಕ ಹಾದು, ಕಡೆಗೆ ದಂಡದಲ್ಲಿ ನಿಂತದ್ದು ಸಾರ್ವಜನಿಕಾಭಿಪ್ರಾಯದ ನಡಿಗೆ. ಇಷ್ಟೆಲ್ಲಾ ಕೆಲವೇ ವರ್ಷಗಳೊಳಗೆ ಮುಗಿದುಹೋಯಿತು.

ಈ ವಿವಾದದಲ್ಲಿ ನ್ಯಾಯವು ಯಾರ ಕಡೆಗಿದ್ದಿತು? ನಿಷ್ಪಕ್ಷಪಾತವಾಗಿ ವಿಚಾರಮಾಡಿದರೆ ಎರಡು ಕಡೆಯಲ್ಲಿಯೂ ಸ್ವಲ್ಪ ಸತ್ಯವಿತ್ತೆಂದೇ ಹೇಳಬೇಕಾಗುವುದು. ಟ್ರಾಮಿನಲ್ಲಿ ಪಕ್ಕದವನ ಕಣ್ಣಿಗೆ ಅಪಾಯವನ್ನುಂಟುಮಾಡುವ ಮೊನೆಯನ್ನು ಮುಚ್ಚಿರೆಂದು ಕೇಳುವುದು ಅನ್ಯಾಯವಲ್ಲ. ಆಯುಧವು ತನ್ನನ್ನು ಹಿಡಿದವರ ಉದ್ದೇಶವನ್ನು ಬಲ್ಲದಲ್ಲ. ದುಷ್ಟನ ತೋಳನ್ನೂ ಗೆಳೆಯನ ಎದೆಯನ್ನೂ ಅದು ಒಂದೇ ರೀತಿಯಲ್ಲಿ ಹೊಗುವುದು. ಆದರೆ ಈ ಚರ್ಚೆಯಲ್ಲಿ ಒಂದು ವಸ್ತುವನ್ನು ಮಾತ್ರ ಯಾರೂ ಅಳೆಯಲಿಲ್ಲ. ಸೂಜಿ ಒಂಬತ್ತು ಅಂಗುಲವೇ ಹತ್ತು ಅಂಗುಲವೇ ಎಂದು ಕೋಲು ಹಿಡಿದು ನೋಡಿದರು. ಸೂಜಿಯನ್ನು ತಲೆಯಿಂದ ಕೀಳುವಂತೆ ಮಾಡಿದ ಆ ಕೈಯು ಎಷ್ಟು ದೂರ ಚಾಚಿತ್ತೆಂಬುದನ್ನು ನೋಡಲಿಲ್ಲ. ನ್ಯಾನ್ ಡೇವಿಸಳು ಎತ್ತಿದ ಮಾತಿಗೆ, ಎಂದರೆ ಬೀದಿಯನ್ನು ನಿರ್ಭಯವಾಗಿ ಮಾಡಿರೆಂಬ ಮಾತಿಗೆ, ಅರವತ್ತೆಂಟು ಮತಗಳಲ್ಲಿ ಉತ್ತರವಿರಲಿಲ್ಲ.

ಆಯುಧವಿಲ್ಲದೆಯೇ ಮೈಕಾಯುವ ವಿದ್ಯೆಯ ಮಾತೂ ಆಗಲೇ ಹುಟ್ಟಿದ್ದಿತು. ಲಂಡನ್ನಿನಲ್ಲಿ ಈಡಿತ್ ಗ್ಯಾರುಡ್ ಎಂಬಾಕೆ, ಐದು ಅಡಿಯ ಎತ್ತರವೂ ಇಲ್ಲದವಳು, ಜಪಾನ್ ದೇಶದ ಜುಜುತ್ಸು ಎಂಬ ಮಲ್ಲವಿದ್ಯೆಯನ್ನು ಕಲಿತು, ಮತಾಧಿಕಾರಕ್ಕಾಗಿ ಹೋರಾಡುತ್ತಿದ್ದ ಸ್ತ್ರೀಯರಿಗೆ ಅದನ್ನು ಕಲಿಸಿದಳು. ಎದುರಾಳಿಯ ಬಲವನ್ನೇ ಅವನ ಮೇಲೆ ತಿರುಗಿಸುವುದು ಈ ವಿದ್ಯೆಯ ಮರ್ಮ. ಇದರಲ್ಲಿ ಕಳೆದುಹೋಗುವುದಕ್ಕಾಗಲಿ ಇತರರು ಕಿತ್ತುಕೊಳ್ಳುವುದಕ್ಕಾಗಲಿ ಯಾವ ವಸ್ತುವೂ ಇಲ್ಲವೆಂಬುದೇ ಇದರ ಹೆಚ್ಚುಗಾರಿಕೆ. ನಮ್ಮ ಶಾಲೆಗಳಲ್ಲಿ ಈಗ ಹೆಣ್ಣುಮಕ್ಕಳಿಗೆ ಕಲಿಸುವ ಕರಾಟೆ ಮೊದಲಾದುವುಗಳೂ ಇದೇ ತತ್ತ್ವವನ್ನು ಹಿಡಿದುವು.

ಟೋಪಿಯ ಸೂಜಿಯ ಗಲಭೆಯು ಅಡಗಿದುದು ಶಾಸನಗಳಿಂದಲ್ಲ. 1914 ರಲ್ಲಿ ಮಹಾಯುದ್ಧವು ಮೊದಲಾಗಿ ಜನರ ಗಮನವು ಬೇರೆ ಕಡೆಗೆ ಹೊರಳಿತು. ಯುದ್ಧಾನಂತರ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳುವ, ತಲೆಗೆ ಅಂಟಿಕೊಂಡಿರುವ ಸಣ್ಣ ಟೋಪಿಯನ್ನು ಧರಿಸುವ ಪದ್ಧತಿ ಬಂದಿತು. ಚುಚ್ಚುವುದಕ್ಕೆ ಕೂದಲಿನ ಗಂಟೇ ಇಲ್ಲವಾದ ಮೇಲೆ ಸೂಜಿಯು ಪೆಟ್ಟಿಗೆಯನ್ನು ಸೇರಿತು. ಈಗ ಅದು ವಸ್ತುಸಂಗ್ರಹಾಲಯಗಳ ಗಾಜಿನ ಕಪಾಟುಗಳಲ್ಲಿದೆ. ಆದರೆ ಸೂಜಿಯು ಹೋಯಿತೆಂದು ಆ ಕೈಯೂ ಹೋಯಿತೆ? 1923 ರಲ್ಲಿ ಅಮೇರಿಕಾದ ರಾಜಧಾನಿಯಾದ ವಾಷಿಂಗ್‌ಟನ್ನಿನಲ್ಲಿ, ಮೋಟಾರುಗಳಲ್ಲಿ ಬಂದು ಬೀದಿಯಲ್ಲಿ ಕಾಡುವ ಪುರುಷರ ವಿರುದ್ಧವಾಗಿ ತರುಣಿಯರು ಒಂದು ಸಂಘವನ್ನೇ ಕಟ್ಟಬೇಕಾಯಿತೆಂಬುದು ಈ ಪ್ರಶ್ನೆಗೆ ಉತ್ತರ.

ಇದು ದೂರದೇಶದ ಹಳೆಯ ಕಥೆ, ನಮಗೇನು ಸಂಬಂಧವೆಂದು ಕೇಳುವವರುಂಟು. ಆದರೆ ಇದೇ ಕಥೆಯು ನೂರು ವರ್ಷಗಳ ತರುವಾಯ ನಮ್ಮ ದೇಶದಲ್ಲಿಯೂ ನಡೆಯಿತು. 2012 ನೆಯ ಡಿಸೆಂಬರು 16 ರ ರಾತ್ರಿ ದೆಹಲಿಯಲ್ಲಿ ಓಡುತ್ತಿದ್ದ ಬಸ್ಸಿನೊಳಗೆ ಒಬ್ಬ ವಿದ್ಯಾರ್ಥಿನಿಯ ಮೇಲೆ ನಡೆದ ಘೋರಕೃತ್ಯವನ್ನೂ, ಆ ತಿಂಗಳು 29 ರಂದು ಆಕೆ ಪ್ರಾಣ ಬಿಟ್ಟುದನ್ನೂ ಯಾರೂ ಮರೆತಿರಲಾರರು. ಮುಂದಿನ ತಿಂಗಳಲ್ಲಿಯೇ ಮುಂಬಯಿ ಪಟ್ಟಣದಲ್ಲಿ ಶಿವಸೇನೆಯೆಂಬ ರಾಜಕೀಯ ಪಕ್ಷದವರು ಸ್ತ್ರೀಯರಿಗೆ ಆತ್ಮರಕ್ಷಣೆಗಾಗಿ ಸಣ್ಣ ಚಾಕುಗಳನ್ನು ಹಂಚಿದರು. 21,000 ಚಾಕುಗಳನ್ನು ಹಂಚುವುದಾಗಿ ಸಾರಿದರು. 2014 ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಆಯುಧದ ಕಾರ್ಖಾನೆಯು ಸ್ತ್ರೀಯರಿಗೆಂದೇ 'ನಿರ್ಭೀಕ್' ಎಂಬ ಹೆಸರಿನ, 500 ಗ್ರಾಂ ತೂಕದ ರಿವಾಲ್ವರನ್ನು ಹೊರತಂದಿತು. ಒಡವೆಯ ಪೆಟ್ಟಿಗೆಯಂತಹ ಪೆಟ್ಟಿಗೆಯಲ್ಲಿಟ್ಟು ಮಾರಿದ ಅದರ ಬೆಲೆ 1,22,360 ರೂಪಾಯಿಗಳು. ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಯಾವ ಹೆಣ್ಣುಮಗಳು ಅದನ್ನು ಕೊಳ್ಳಬಲ್ಲಳು?

ಚಾಕುವಿನ ವಿಷಯದಲ್ಲಿಯೂ ರಿವಾಲ್ವರಿನ ವಿಷಯದಲ್ಲಿಯೂ ಜನರು ಆಡಿದ ಮಾತುಗಳು ಶಿಕಾಗೋ ಸಭಾಂಗಣದ ಮಾತುಗಳನ್ನೇ ನೆನಪಿಗೆ ತರುತ್ತಿದ್ದುವು. ಕೆಲವರು ಶಹಭಾಸ್ ಎಂದರು. ಕೆಲವರು ನಕ್ಕರು. ಆಯುಧವನ್ನು ಕಿತ್ತುಕೊಂಡು ಆಕೆಯ ಮೇಲೆಯೇ ಪ್ರಯೋಗಿಸಿದರೆ ಗತಿಯೇನೆಂದು ಕೆಲವರು ಹೆದರಿದರು. ಮಣಿಪುರದಲ್ಲಿ ಬಂದೂಕಿನಿಂದ ಪತಿಪುತ್ರರನ್ನು ಕಳೆದುಕೊಂಡ ಸ್ತ್ರೀಯರ ನಡುವೆ ಸೇವೆಮಾಡಿದ ಬಿನಾಲಕ್ಷ್ಮೀ ನೇಪ್ರಮ್ ಎಂಬಾಕೆಯು, ಸ್ತ್ರೀಯರ ಕೈಗೆ ಬಂದೂಕನ್ನು ಕೊಡುವುದೆಂದರೆ ಅವರನ್ನು ಕಾಪಾಡಲು ಸರ್ಕಾರಕ್ಕೆ ಸಾಧ್ಯವಾಗಲಿಲ್ಲವೆಂದು ಒಪ್ಪಿಕೊಂಡಂತೆ ಎಂದು ಖಂಡಿಸಿದರು. ಅದೇ 2013 ರ ಜನವರಿಯಲ್ಲಿ ನ್ಯಾಯಮೂರ್ತಿ ಜೆ. ಎಸ್. ವರ್ಮಾ, ಲೀಲಾ ಸೇಠ್ ಮತ್ತು ಗೋಪಾಲ ಸುಬ್ರಹ್ಮಣ್ಯಂ ಇವರಿದ್ದ ಸಮಿತಿಯು, 80,000 ಕ್ಕೂ ಹೆಚ್ಚಿನ ಸಲಹೆಗಳನ್ನು ಪರಿಶೀಲಿಸಿ ತನ್ನ ವರದಿಯನ್ನು ಒಪ್ಪಿಸಿತು. ಅದರ ಫಲವಾಗಿ ಆ ವರ್ಷವೇ ದಂಡಸಂಹಿತೆಯು ತಿದ್ದುಪಡಿಯಾಗಿ, ಹೆಣ್ಣನ್ನು ಹಿಂಬಾಲಿಸಿ ಕಾಡುವುದು, ಬಯಸದ ರೀತಿಯಲ್ಲಿ ಮುಟ್ಟುವುದು ಮೊದಲಾದುವು ಪ್ರತ್ಯೇಕ ಅಪರಾಧಗಳಾದುವು. ಆ ವರದಿಯು ಅಳೆಯಲು ಹೊರಟುದು ಚಾಕುವನ್ನಲ್ಲ, ಆ ಕೈಯನ್ನು. ಶಿಕಾಗೋ ನಗರಸಭೆಯು ಮಾಡದೆ ಬಿಟ್ಟ ಕೆಲಸವು ಇದೇ.

ಈ ಸಂದರ್ಭದಲ್ಲಿ ತಾಯಿತಂದೆಗಳು ತಿಳಿದಿರಬೇಕಾದ ಕೆಲವು ವಿಷಯಗಳನ್ನು ಸಂಕ್ಷೇಪವಾಗಿ ಹೇಳುವೆನು. ನಮ್ಮ ದೇಶದ ಆಯುಧ ನಿಯಮಗಳ ಪ್ರಕಾರ, ಮನೆಗೆಲಸಕ್ಕಾಗಲಿ ವ್ಯವಸಾಯಕ್ಕಾಗಲಿ ಮಾಡಿದುವುಗಳನ್ನು ಬಿಟ್ಟು, ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಚಾಕು ಕತ್ತಿಗಳು ನಿರ್ಬಂಧಕ್ಕೆ ಒಳಪಟ್ಟ ಆಯುಧಗಳು. ಶಿಕಾಗೋವಿನ ಒಂಬತ್ತು ಅಂಗುಲವೂ ಇಲ್ಲಿಯ ಒಂಬತ್ತು ಅಂಗುಲವೂ ಒಂದೇ ಆದುದು ಕೇವಲ ಕಾಕತಾಳೀಯ. ಆತ್ಮರಕ್ಷಣೆಯ ಹಕ್ಕನ್ನು 1860 ರ ದಂಡಸಂಹಿತೆಯೂ ಒಪ್ಪಿದ್ದಿತು. 2024 ನೆಯ ಜುಲೈ 1 ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ತನ್ನ 34 ರಿಂದ 44 ರವರೆಗಿನ ವಿಧಿಗಳಲ್ಲಿ ಒಪ್ಪಿದೆ. ತನ್ನ ಮೈಯನ್ನು ಕಾಪಾಡಿಕೊಳ್ಳಲು ಬಲವನ್ನು ಪ್ರಯೋಗಿಸುವುದು ಅಪರಾಧವಲ್ಲ. ಬಲಾತ್ಕಾರದ ಉದ್ದೇಶದಿಂದ ಮೇಲೆ ಬೀಳುವವನ ಪ್ರಾಣವೇ ಹೋದರೂ ಅದು ಈ ಹಕ್ಕಿನೊಳಗೆ ಸೇರುವುದು. ಆದರೆ ಕಾಪಾಡಿಕೊಳ್ಳುವುದಕ್ಕೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಕೇಡನ್ನು ಮಾಡಕೂಡದು. ಅಪಾಯವು ಕಳೆದ ಮೇಲೆ ಸೇಡು ತೀರಿಸಿಕೊಳ್ಳುವುದು ರಕ್ಷಣೆಯಲ್ಲ. ಆಪತ್ತಿನಲ್ಲಿ 112 ಎಂಬ ಸಂಖ್ಯೆಗೂ, ಸ್ತ್ರೀಯರ ಸಹಾಯಕ್ಕೆ 181 ಕ್ಕೂ, ಮಕ್ಕಳ ಸಹಾಯಕ್ಕೆ 1098 ಕ್ಕೂ ಫೋನ್ ಮಾಡಬಹುದೆಂಬುದನ್ನು ಪ್ರತಿಯೊಬ್ಬ ಹುಡುಗಿಯೂ ಬಾಯಿಪಾಠವಾಗಿ ಕಲಿತಿರತಕ್ಕದ್ದು.

ಇನ್ನು ಮೊದಲು ಹೇಳಿದ ಕಾರಣವನ್ನು ಅರಿಕೆಮಾಡುವೆನು. ನಮ್ಮ ಸೆರಗಿನ ಪಿನ್ನು ಇದೆಯಲ್ಲಾ, ಮೊನೆಯನ್ನು ತನ್ನೊಳಗೇ ಮುಚ್ಚಿಕೊಳ್ಳುವ ಆ ಸೇಫ್ಟಿ ಪಿನ್ನು, ಅದನ್ನು ವಾಲ್ಟರ್ ಹಂಟ್ ಎಂಬ ಅಮೇರಿಕಾದವನು 1849 ರಲ್ಲಿ ಪೇಟೆಂಟು ಮಾಡಿ, ಅದರ ಹಕ್ಕನ್ನು 400 ಡಾಲರುಗಳಿಗೆ ಮಾರಿಬಿಟ್ಟನು. ಯಾರನ್ನೂ ಚುಚ್ಚದಿರಲೆಂದು ಅವನು ಮಾಡಿದ ವಸ್ತುವು ನಮ್ಮ ಊರುಗಳ ಬಸ್ಸಿನಲ್ಲಿ ಯಾವ ಕೆಲಸಕ್ಕೆ ಬರುವುದೆಂಬುದನ್ನು ಇದನ್ನು ಓದುತ್ತಿರುವ ಸೋದರಿಯರಿಗೆ ನಾನು ಹೇಳಬೇಕಾಗಿಲ್ಲ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಬಿಚ್ಚಿ ಬೆರಳುಗಳ ನಡುವೆ ಹಿಡಿದು ಕಾಲೇಜಿಗೆ ಹೋಗಿ ಬರಲಿಲ್ಲ!

ಬಹಳ ವರ್ಷಗಳ ಹಿಂದೆ, ನಾನು ಬೇರೊಂದು ಶಾಲೆಯಲ್ಲಿ ಎಳೆಯ ಉಪಾಧ್ಯಾಯಿನಿಯಾಗಿದ್ದಾಗ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಮುಷ್ಟಿಯಲ್ಲಿ ಬಿಚ್ಚಿದ ದೊಡ್ಡ ಪಿನ್ನು ಸಿಕ್ಕಿತು. ಬೆಳಗಿನ ಸಾಲಿನಲ್ಲಿ ಅದು ಪಕ್ಕದ ಹುಡುಗಿಯ ಕೈಯನ್ನು ಗೀರಿ ರಕ್ತ ಬಂದಿದ್ದಿತು. ಅವಳು ಪಕ್ಕದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಮಾತು ಕಡಮೆ, ಲೆಕ್ಕದಲ್ಲಿ ಜಾಣೆ. ನಾನು ಪಿನ್ನನ್ನು ಕಿತ್ತುಕೊಂಡೆನು. ಅವಳನ್ನು ಎಲ್ಲರ ಎದುರಿಗೆ ನಿಲ್ಲಿಸಿದೆನು. ಇಂತಹ ಚೂಪಾದ ವಸ್ತುವನ್ನು ತರಬಾರದೆಂದು ಅವಳ ತಂದೆಗೆ ಒಂದು ಕಾಗದವನ್ನು ಬರೆದೆನು. ಮುಷ್ಟಿಯಲ್ಲಿ ಪಿನ್ನನ್ನು ಏಕೆ ಹಿಡಿದಿದ್ದೆಯೆಂದು ಮಾತ್ರ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮುಂದಿನ ವಾರದಿಂದ ಅವಳು ಶಾಲೆಗೆ ಬರಲಿಲ್ಲ. ಮನೆಯಲ್ಲಿ ಕೆಲಸವಿರಬಹುದೆಂದು ನಾನು ಸುಮ್ಮನಾದೆನು.

ಇಪ್ಪತ್ತು ವರ್ಷಗಳಾದ ಮೇಲೆ ಒಬ್ಬಾಕೆ ಮಗಳ ಕೈಹಿಡಿದುಕೊಂಡು ನನ್ನ ಬಳಿಗೆ ಬಂದು, ನನ್ನ ಗುರುತು ಸಿಕ್ಕಿತೆ ಅಮ್ಮಾ ಎಂದು ಕೇಳಿದಳು. ಅವಳೇ! ಮಗಳನ್ನು ಶಾಲೆಗೆ ಸೇರಿಸುವ ಮಾತು ಮುಗಿದ ಮೇಲೆ ಆ ಪಿನ್ನಿನ ಕಥೆ ಹೊರಬಿದ್ದಿತು. ಬೆಳಗಿನ ಬಸ್ಸಿನಲ್ಲಿ ಒಬ್ಬನು ದಿನವೂ ಅವಳ ಹಿಂದೆಯೇ ನಿಲ್ಲುತ್ತಿದ್ದನಂತೆ. ಅವಳ ಅಜ್ಜಿಯೇ ಆ ಪಿನ್ನನ್ನು ಕೊಟ್ಟಿದ್ದಳಂತೆ. ನನ್ನ ಕಾಗದವನ್ನು ಓದಿಸಿಕೊಂಡ ತಂದೆಯು ನಿಜವನ್ನು ಕೇಳಿ ತಿಳಿದು, ಇಂತಹ ಬಸ್ಸಿನಲ್ಲಿ ಹೋಗಿ ಓದುವುದೇ ಬೇಡವೆಂದು ಅವಳನ್ನು ಮನೆಯಲ್ಲಿ ನಿಲ್ಲಿಸಿಬಿಟ್ಟನು. ಅವಳು ಇದನ್ನು ದೂರಿನಂತೆ ಹೇಳಲಿಲ್ಲ. ಮಗಳಿಗೆ ಬಸ್ಸಿನ ಪ್ರಯಾಣವಿಲ್ಲದಂತೆ ಶಾಲೆಯ ಹತ್ತಿರವೇ ಮನೆ ಮಾಡಿದ್ದೇನೆಂದು ತಿಳಿಸುವುದಕ್ಕಾಗಿ ಹೇಳಿದಳು. ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ನಾನು ಮಾಡಿದುದೂ ಶಿಕಾಗೋವಿನ ಅರವತ್ತೆಂಟು ಮಂದಿ ಮಾಡಿದುದೂ ಒಂದೇ. ಪಕ್ಕದ ಹುಡುಗಿಗೆ ಗಾಯವಾದುದು ನಿಜ. ಪಿನ್ನನ್ನು ಕಿತ್ತುಕೊಂಡುದು ತಪ್ಪಲ್ಲ. ಪಿನ್ನನ್ನು ಕಿತ್ತುಕೊಂಡು ಅಲ್ಲಿಗೇ ನಿಂತುದು ತಪ್ಪು. ಚಿತ್ರದುರ್ಗದ ಓಬವ್ವನು ಒನಕೆಯನ್ನು ಎತ್ತಿದ ಕಥೆಯನ್ನು ನಾನೇ ಎಷ್ಟೋ ತರಗತಿಗಳಿಗೆ ಕಣ್ಣಲ್ಲಿ ನೀರು ಬರುವಂತೆ ಹೇಳಿದ್ದೇನೆ. ಶತ್ರುವು ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದರೆ ಹೆಣ್ಣಿನ ಕೈಯ ಆಯುಧವನ್ನು ನಾವು ಕೊಂಡಾಡುವೆವು. ಅದೇ ಶತ್ರುವು ಟಿಕೀಟು ಕೊಂಡು ಬಸ್ಸಿನಲ್ಲಿ ನಿಂತಿದ್ದರೆ ಆಯುಧವನ್ನು ಹಿಡಿದವಳನ್ನು ಗದರಿಸುವೆವು.

ಆದುದರಿಂದ ತಾಯಿತಂದೆಗಳಲ್ಲಿಯೂ, ಈಗ ತಾವೇ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನದು ಒಂದೇ ಬಿನ್ನಹ. ಮಗಳ ಚೀಲದಲ್ಲಿ ಪಿನ್ನಾಗಲಿ, ಚಾಕುವಾಗಲಿ, ಮೆಣಸಿನ ಪುಡಿಯಾಗಲಿ ಕಂಡುಬಂದರೆ ಅದನ್ನು ಎತ್ತಿ ಮೇಜಿನ ಮೇಲಿಡಿ; ಗದರಿಸಬೇಡಿ. ಬಾಗಿಲನ್ನು ಮುಚ್ಚಿ, ಪಕ್ಕದಲ್ಲಿ ಕೂರಿಸಿಕೊಂಡು, ಇದು ಯಾರಿಗಾಗಿ ಎಂದು ಮೆಲ್ಲನೆ ಕೇಳಿ. ಉತ್ತರವು ಬರುವುದು ತಡವಾದರೆ ಕಾಯಿರಿ. ಉತ್ತರವು ಬಂದ ಮೇಲೆ ಮನೆಯಲ್ಲಿ ನಿಲ್ಲಿಸಬೇಕಾದವಳು ಅವಳಲ್ಲವೆಂಬುದನ್ನು ನೆನಪಿಡಿ. ಆ ಬಸ್ಸಿನಲ್ಲಿ ಒಂದು ದಿನ ನೀವೂ ಹತ್ತಿರಿ. ಕಂಡಕ್ಟರಿಗೆ ತಿಳಿಸಿ, ಶಾಲೆಗೆ ತಿಳಿಸಿ, ಪೊಲೀಸರಿಗೆ ದೂರು ಕೊಡಿ. ಅದೇ ದಾರಿಯ ನಾಲ್ಕು ಹುಡುಗಿಯರು ಒಟ್ಟಾಗಿ ಹೋಗುವಂತೆ ಏರ್ಪಡಿಸಿ. ಗಂಡುಮಕ್ಕಳಿರುವ ಮನೆಗಳಲ್ಲಿ ಈ ಕಥೆಯನ್ನು ಅವರಿಗೂ ಓದಿ ಹೇಳಿ.

ಅಂದು ಕಿತ್ತುಕೊಂಡ ಆ ಪಿನ್ನು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ, ತುಕ್ಕು ಹಿಡಿದಿದೆ. ಮಕ್ಕಳಿಂದ ಏನನ್ನಾದರೂ ಕಿತ್ತುಕೊಳ್ಳಬೇಕಾದ ಸಂದರ್ಭ ಬಂದಾಗಲೆಲ್ಲಾ ನಾನು ಮೊದಲು ಆ ಖಾನೆಯನ್ನು ಎಳೆದು ನೋಡುವೆನು.